ಎಣ್ಣೆ ಆರಿದ ಲೇನ್‌ಗೆ ಯಾವ ಚೆಂಡು? ಯುರೆಥೇನ್, ಪರ್ಲ್ ರಿಯಾಕ್ಟಿವ್, ಪಾಲಿಯೆಸ್ಟರ್‌ಗಳ ಹೋಲಿಕೆ

ನಮ್ಮ ಗುಂಪು ಆಡುವ ಮಂಗಳೂರಿನ ಬೌಲಿಂಗ್ ಲೇನ್‌ಗಳಲ್ಲಿ ಭಾನುವಾರ ಸಂಜೆಯ ಹೊತ್ತಿಗೆ ಎಣ್ಣೆ ಹೆಸರಿಗಷ್ಟೇ ಉಳಿದಿರುತ್ತದೆ. ಎಸೆಯುವವರು ದಾಟಬಾರದ ಗೆರೆಯಾದ ಫೌಲ್ ಲೈನ್‌ನಿಂದ ಮೊದಲ ಪಿನ್‌ವರೆಗಿನ 60 ಅಡಿಗಳಲ್ಲಿ ಸಾಮಾನ್ಯವಾಗಿ ಸುಮಾರು 40 ಅಡಿಗಳವರೆಗೆ ಎಣ್ಣೆ ಹಾಕುತ್ತಾರೆ. ಚೆಂಡು ಅಷ್ಟು ದೂರ ಜಾರಿ, ಎಣ್ಣೆಯಿಲ್ಲದ ಕೊನೆಯ ಭಾಗದಲ್ಲಿ ಹಿಡಿತ ಸಿಕ್ಕಾಗ ತಿರುಗಿ, ಬಲಗೈ ಆಟಗಾರರಾದರೆ 1 ಮತ್ತು 3ನೆಯ ಪಿನ್‌ಗಳ ನಡುವಿನ ಪಾಕೆಟ್‌ಗೆ ನುಗ್ಗಬೇಕು. ಎಣ್ಣೆ ಆರಿದ ಲೇನ್‌ನಲ್ಲಿ ಈ ತಿರುವು ಅರ್ಧ ದಾರಿಯಲ್ಲೇ ಶುರುವಾಗುವುದರಿಂದ ಚೆಂಡು ಒಂದೋ ಎದುರಿನ 1ನೆಯ ಪಿನ್ನನ್ನು ದಾಟಿ ಎಡಕ್ಕೆ ಹೋಗುತ್ತದೆ, ಇಲ್ಲವೇ ಪಿನ್ ಮುಟ್ಟುವ ಮೊದಲೇ ಕಸುವು ಕಳೆದುಕೊಂಡು ಸಪ್ಪೆಯಾಗಿ ಬಡಿಯುತ್ತದೆ. ಆದ್ದರಿಂದ ಇಂಥ ಲೇನ್‌ಗೆ ಚೆಂಡು ಆರಿಸುವಾಗ ಅದು ಎಷ್ಟು ತಿರುಗುತ್ತದೆ ಎನ್ನುವುದಕ್ಕಿಂತ ಎಲ್ಲಿಂದ ತಿರುಗಲು ತೊಡಗುತ್ತದೆ ಎನ್ನುವುದೇ ಮುಖ್ಯವೆಂದು ನಾನು ನಂಬಿದ್ದೇನೆ.

ಹೋಲಿಕೆ ನ್ಯಾಯವಾಗಿರಲೆಂದು, ಹೊರಕವಚದ ವಸ್ತುವಿನಲ್ಲಿ ಬೇರೆಬೇರೆಯಾದ ಈ ಮೂರೂ ಚೆಂಡುಗಳನ್ನು 14 ಪೌಂಡ್ ತೂಕದಲ್ಲೇ ತೆಗೆದುಕೊಂಡು, ಬೆರಳಿನ ತೂತುಗಳನ್ನು ಒಂದೇ ಅಳತೆಗೆ ಕೊರೆಸಿದ್ದೆ. ನನ್ನ ಎಸೆತ ನಿಧಾನದ್ದು, ಕೈಯಿಂದ ಚೆಂಡಿಗೆ ಸಿಗುವ ಸುತ್ತು ಸಾಧಾರಣ. ಮುಂದಿನ ಮಾತುಗಳನ್ನು ಓದುವಾಗ ಇದು ನೆನಪಿರಬೇಕು.

ಒಣ ಲೇನ್ ಎಂದೊಡನೆ ಅನುಭವಿಗಳು ಸೂಚಿಸುವುದು ಯುರೆಥೇನ್ ಚೆಂಡನ್ನು. 1980ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ಹೊರಕವಚ, ರಿಯಾಕ್ಟಿವ್ ಎಂಬ ಇನ್ನೊಂದು ಬಗೆಯ ಕವಚದಂತೆ ಎಣ್ಣೆಯನ್ನು ಹೀರದೆ, ಥಟ್ಟನೆ ತಿರುಗದೆ, ಉದ್ದಕ್ಕೂ ಒಂದೇ ಸಮನಾದ ಬಾಗುವಿಕೆಯಲ್ಲಿ ಸಾಗುತ್ತದೆ. ಲೇನ್‌ನ ಉದ್ದಕ್ಕೂ ಜೋಡಿಸಿದ ಪಟ್ಟಿಗಳಲ್ಲಿ ಯಾವ ಹಲಗೆಯ ಮೇಲೆ ಇಟ್ಟರೆ ಎಲ್ಲಿಗೆ ಬರುತ್ತದೆ ಎಂದು ಮೊದಲೇ ಹೇಳಬಹುದಾದಷ್ಟು ಅದು ನಂಬಿಕಸ್ಥ. ಆದರೆ ಅದರ ಮೈ ಒರಟು. 1000 ಗ್ರಿಟ್‌ನಷ್ಟು (ಉಜ್ಜುಕಾಗದದ ನಯದ ಅಳತೆ) ಉಜ್ಜಿದ ಮೇಲ್ಮೈಯಿದ್ದಾಗ, ಪೌಡರ್ ಹಾಕದ ಕೇರಂ ಬೋರ್ಡಿನ ಮೇಲಿನ ಸ್ಟ್ರೈಕರ್‌ನಂತೆ, ಅದು ಮೊದಲಿನಿಂದಲೇ ಲೇನನ್ನು ಹಿಡಿಯುತ್ತದೆ. ನನ್ನ ವೇಗಕ್ಕೆ ಇದರ ಫಲ ಒಂದೇ ಬಗೆಯದಾಗಿತ್ತು: ಚೆಂಡು ಪಾಕೆಟ್‌ಗೇ ಬಂದು ಬಡಿದರೂ ಹಿಂದಿನ ಸಾಲಿನ ಬಲತುದಿಯ 10ನೆಯ ಪಿನ್ ಅಲುಗದೆ ನಿಲ್ಲುತ್ತಿತ್ತು. ಗಮನವಿಟ್ಟು ನೋಡಿದರೆ ಕಾರಣ ಕಾಣಿಸುತ್ತಿತ್ತು. 6ನೆಯ ಪಿನ್ ಚಿಮ್ಮಿ 10ನೆಯದರ ಕುತ್ತಿಗೆಗೆ ಸುತ್ತಿಕೊಳ್ಳುವ ಬದಲು, ಮೆಲ್ಲಗೆ ಉರುಳಿ ಅದರ ಪಕ್ಕದ ಗಟರ್‌ನಲ್ಲಿ, ಎಂದರೆ ಲೇನ್ ಬದಿಯ ತೋಡಿನಲ್ಲಿ, ಮಲಗುತ್ತಿತ್ತು. ಅದೇ ಚೆಂಡಿಗೆ ಹೊಳಪು ಹಾಕಿಸಿದ ಮೇಲೆ ಜಾರುವ ದೂರ ಸ್ವಲ್ಪ ಹೆಚ್ಚಿತು, 10ನೆಯ ಪಿನ್ ಕೂಡ ಆಗಾಗ ಬಿತ್ತು. ಆದರೂ ಬಡಿತದಲ್ಲಿ ಬೇಕಾದ ಚುರುಕು ಬರಲಿಲ್ಲ. ಜೋರಾಗಿ ಎಸೆದು ಹೆಚ್ಚು ಸುತ್ತು ಕೊಡುವವರಿಗೆ ಯುರೆಥೇನ್ ನಿಜವಾಗಿಯೂ ಒಪ್ಪುತ್ತದೆ. ನಮ್ಮ ಗುಂಪಿನಲ್ಲೇ ಅಂಥ ಯುವಕನೊಬ್ಬನಿದ್ದಾನೆ, ಅವನ ಕೈಯಲ್ಲಿ ಇದೇ ಚೆಂಡು ಕೊನೆಯವರೆಗೂ ಕಸುವು ಉಳಿಸಿಕೊಳ್ಳುತ್ತದೆ.

ಎರಡನೆಯದು ಹೊಳಪಿನ ಪರ್ಲ್ ರಿಯಾಕ್ಟಿವ್. ಸ್ಟಾರ್ಮ್ ಕಂಪೆನಿಯ ಟ್ರಾಪಿಕಲ್ ಸರ್ಜ್‌ನಂಥ ಆರಂಭಿಕ ದರ್ಜೆಯ ಚೆಂಡುಗಳು ಈ ವರ್ಗಕ್ಕೆ ಸೇರುತ್ತವೆ. ರಿಯಾಕ್ಟಿವ್ ಎಂದರೆ ಎಣ್ಣೆ ತುಂಬಿದ ಲೇನ್‌ಗೆ ಮಾತ್ರ ಎಂಬ ಭಾವನೆ ಹಲವರಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. ಒಳಗಿನ ತೂಕದ ತಿರುಳು ಚೆಂಡನ್ನು ಹೆಚ್ಚು ತಿರುಗಿಸದ ಮೃದು ಸ್ವಭಾವದ್ದಾಗಿದ್ದು ಹೊರಮೈ ನಯವಾಗಿದ್ದರೆ, ಚೆಂಡು ಲೇನ್‌ನ ಮುಂಭಾಗವನ್ನು ಹಿಡಿಯದೆ ದಾಟಿ, ತನ್ನ ತಿರುವನ್ನು ಕೊನೆಯ ಭಾಗಕ್ಕೆ ಉಳಿಸಿಕೊಳ್ಳುತ್ತದೆ. ಎಸೆದ ಚೆಂಡು ಮರಳಿದಾಗ ಅದರ ಮೈಮೇಲಿನ ಎಣ್ಣೆಯ ಗೆರೆಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಬಲವಾದ ತಿರುಳಿನ ಚೆಂಡಿನಲ್ಲಿ ಗೆರೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡರೆ, ಇದರಲ್ಲಿ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿರುತ್ತವೆ. ನನ್ನ ಎಸೆತಕ್ಕೆ 6ನೆಯ ಪಿನ್ನನ್ನು ಸರಿಯಾಗಿ ಚಿಮ್ಮಿಸಿದ್ದು ಈ ಚೆಂಡೇ. ಆದರೆ ಹೊರಗಿನ ಹಲಗೆಗಳು ಪೂರ್ತಿ ಒಣಗಿ ನಡುವೆ ಮಾತ್ರ ಎಣ್ಣೆ ಉಳಿದಿದ್ದಾಗ, ಗುರಿ ತುಸು ಬಲಕ್ಕೆ ತಪ್ಪಿದರೂ ಅದು ಹಠಾತ್ತನೆ ಎಡಕ್ಕೆ ಹಾರುತ್ತದೆ. ಎಡಕ್ಕೆ ಸರಿದು ನಿಂತು ಎಣ್ಣೆಯ ಅಂಚನ್ನು ಹುಡುಕುವ ತಾಳ್ಮೆ ಬೇಕು.

ಪಾಲಿಯೆಸ್ಟರ್ ಚೆಂಡನ್ನು ಸ್ಪೇರ್‌ಗೆ (ಮೊದಲ ಎಸೆತದಲ್ಲಿ ಉಳಿದ ಪಿನ್‌ಗಳನ್ನು ಬೀಳಿಸಲು) ಮಾತ್ರವೆಂದು ಬದಿಗಿಡುವುದು ವಾಡಿಕೆ. ಕೊಲಂಬಿಯಾ 300 ಕಂಪೆನಿಯ ವೈಟ್ ಡಾಟ್‌ನಂಥ ಚೆಂಡು ಎಣ್ಣೆಯಲ್ಲಿ ನೇರವಾಗಿಯೇ ಹೋಗುತ್ತದೆ, ನಿಜ. ಆದರೆ ಲೇನ್ ಪೂರ್ತಿ ಆರಿದ ಮೇಲೆ ಅದೂ ಮೆಲ್ಲನೆ ಬಾಗಿ ಪಾಕೆಟ್ ಸೇರುತ್ತದೆ. ಪಿನ್ ಚದುರಿಸುವ ಬಲ ಕಡಿಮೆಯಾದರೂ, ಪರ್ಲ್ ಚೆಂಡು ಹತೋಟಿಗೆ ಸಿಗದಾದ ಸಂಜೆಗಳಲ್ಲಿ ನನಗೆ ಒದಗಿದ್ದು ಇದೇ.

ಕರಾವಳಿಯ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಿಯಾಕ್ಟಿವ್ ಚೆಂಡು ಹೀರಿದ ಎಣ್ಣೆ ಬಿಸಿಯಾದಾಗ ಹೊರಗೆ ಒಸರುತ್ತದೆ, ಅತಿಯಾದ ಬಿಸಿಗೆ ಕವಚ ಬಿರುಕು ಬಿಡುವುದೂ ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಕಾರಿನ ಡಿಕ್ಕಿಯಲ್ಲಿ ಬಿಡಲೇಬಾರದು. ಆಟ ಮುಗಿದೊಡನೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು ಅಗತ್ಯ. ಯುರೆಥೇನ್ ಮತ್ತು ಪಾಲಿಯೆಸ್ಟರ್‌ಗಳಿಗೆ ಇಷ್ಟು ಆರೈಕೆ ಬೇಡ.

ನನ್ನಂತೆ ನಿಧಾನವಾಗಿ ಎಸೆಯುವವರು ಮೊದಲು ಪರ್ಲ್ ರಿಯಾಕ್ಟಿವ್ ಕೊಂಡು, ಜೊತೆಗೆ ಪಾಲಿಯೆಸ್ಟರ್ ಒಂದನ್ನು ಇಟ್ಟುಕೊಳ್ಳಲಿ. ಯುರೆಥೇನ್‌ಗೆ ಹಣ ಹಾಕುವ ಮುನ್ನ ಗೆಳೆಯರ ಚೆಂಡನ್ನು ತಮ್ಮದೇ ಲೇನ್‌ನಲ್ಲಿ, ಎಣ್ಣೆ ಆರಿದ ಸಂಜೆಯಲ್ಲೇ, ಎಸೆದು ನೋಡಲಿ.