ಡಬ್ಲ್ಯೂಗೆಟ್ ಜೊತೆ ಕೆಲವು ಮಳೆಗಾಲ: ಯಾವ ಆಪ್ಷನ್ ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್ಟೂ ಹೋಯಿತು. ಕರೆಂಟು ಬಂದ ಮೇಲೂ ನೆಟ್ಟು ಬರಬೇಕಾದರೆ ಇನ್ನೊಂದು ಗಂಟೆ ಬೇಕು. ಇಂಥ ಜಾಗದಲ್ಲಿ ಕೂತು ಸುಮಾರು 6 ಜಿಬಿಯ, ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಲು ಬೇಕಾದ ಐಎಸ್‌ಒ ಫೈಲನ್ನು ಬ್ರೌಸರ್‌ನಲ್ಲಿ ಇಳಿಸಲು ಹೋಗಿ ಮೂರು ಸಲ ಸೋತೆ. ಮೂರನೇ ಸಲ 5 ಜಿಬಿ ದಾಟಿತ್ತು, ಅಮ್ಮ ಕಾಫಿ ಕೊಟ್ಟರು, ಕುಡಿದು ಬಂದು ನೋಡಿದರೆ ಡೌನ್‌ಲೋಡ್ ಫೇಲ್. ರೆಸ್ಯೂಮ್ ಒತ್ತಿದರೆ ಸೊನ್ನೆಯಿಂದ ಶುರು! ಆವತ್ತು ಬೈದುಕೊಳ್ಳುತ್ತಾ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು ಡಬ್ಲ್ಯೂಗೆಟ್ ಹಿಡಿದವನು ಇವತ್ತಿಗೂ ದೊಡ್ಡ ಫೈಲಿಗೆ ಬ್ರೌಸರ್ ಮುಟ್ಟಿಲ್ಲ.

ಡಬ್ಲ್ಯೂಗೆಟ್ ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ಫೈಲ್ ಇಳಿಸುವ ಪ್ರೋಗ್ರಾಂ. ಹೊಸದೇನಲ್ಲ. ಕ್ರೊಯೇಷಿಯಾದ ಹರ್ವೊಯೆ ನಿಕ್ಷಿಚ್ 1996ರಲ್ಲಿ ಬಿಟ್ಟಿದ್ದು, ಗ್ನು ಅನ್ನುವ ಮುಕ್ತ ತಂತ್ರಾಂಶ ಯೋಜನೆಯ ಭಾಗ, ಕಾಸು ಕೊಡಬೇಕಿಲ್ಲ. ಡಯಲ್-ಅಪ್ ಕಾಲದಲ್ಲಿ ಹುಟ್ಟಿದ್ದಕ್ಕೋ ಏನೋ, ಲೈನು ಕಡಿದು ಹೋಗುವುದು ಮಾಮೂಲಿ ಅಂತಲೇ ಅಂದುಕೊಂಡು ಮಾಡಿದ ಹಾಗಿದೆ. ಅದಕ್ಕೇ ನಮ್ಮೂರಿಗೆ ಹೇಳಿ ಮಾಡಿಸಿದ ಹಾಗೆ ಒಗ್ಗುತ್ತದೆ.

ಒಂದು ಸೂಚನೆ. ಕಮಾಂಡಿನ ಜೊತೆ ಸೇರಿಸುವ ಆಪ್ಷನ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಅಕ್ಷರ. 'ಮೈನಸ್ ಸಿ' ಅಂದರೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಚಿಕ್ಕ ಸಿ. ದೊಡ್ಡಕ್ಷರ ಬೇಕಾದ ಕಡೆ 'ದೊಡ್ಡ' ಅಂತ ಹಾಕಿದ್ದೇನೆ. ಈ ಚಿಕ್ಕದು ದೊಡ್ಡದರ ಗಲಾಟೆಯಲ್ಲಿ ನಾನು ಮರ್ಯಾದೆ ಕಳೆದುಕೊಂಡ ಕಥೆ ಮುಂದೆ ಬರುತ್ತದೆ.

ಮೊದಲು ಎಲ್ಲರೂ ಹೊಗಳುವ ಮೈನಸ್ ಸಿ. ಅರ್ಧಕ್ಕೆ ನಿಂತ ಫೈಲನ್ನು ನಿಂತಲ್ಲಿಂದ ಮುಂದುವರಿಸು ಅಂತ. ಇದರ ಬಗ್ಗೆ ಜನರಿಗೊಂದು ತಪ್ಪು ಕಲ್ಪನೆ ಇದೆ, ನನಗೂ ಇತ್ತು. ಓಡುತ್ತಿರುವಾಗಲೇ ಲೈನು ಕಡಿದರೆ ಮೈನಸ್ ಸಿ ಬೇಕಾಗಿಲ್ಲ, ಡಬ್ಲ್ಯೂಗೆಟ್ ತಾನೇ ಮತ್ತೆ ಕರೆ ಮಾಡಿ ಉಳಿದದ್ದನ್ನು ಕೇಳುತ್ತದೆ. ಮೈನಸ್ ಸಿ ಬೇಕಾಗುವುದು ಲ್ಯಾಪ್‌ಟಾಪೇ ಆಫ್ ಆಗಿ, ಮಾರನೇ ದಿನ ಅದೇ ಫೋಲ್ಡರ್‌ನಲ್ಲಿ ಅದೇ ಕಮಾಂಡ್ ಮತ್ತೆ ಕೊಟ್ಟಾಗ. ಅದನ್ನು ಮರೆತು ಬರೀ ಲಿಂಕ್ ಕೊಟ್ಟರೆ ಹಳೆಯ ಫೈಲು ಹಾಗೇ ಇರುತ್ತದೆ, ಪಕ್ಕದಲ್ಲಿ ಕೊನೆಗೆ ಡಾಟ್ 1 ಅಂತ ಬಾಲ ಇರುವ ಹೊಸದೊಂದು ಸೊನ್ನೆಯಿಂದ ಶುರುವಾಗುತ್ತದೆ. ಆಚೆ ಕಡೆಯ ಸರ್ವರ್‌ಗೂ ಮಧ್ಯದಿಂದ ಕೊಡುವುದು ಗೊತ್ತಿರಬೇಕು, ಇಲ್ಲದಿದ್ದರೆ ಇವನೊಬ್ಬ ಏನು ಮಾಡಿಯಾನು? ಇನ್ನೊಂದು, ನಿನ್ನೆಗೂ ಇವತ್ತಿಗೂ ನಡುವೆ ಸರ್ವರ್‌ನಲ್ಲಿ ಫೈಲೇ ಬದಲಾಗಿದ್ದರೆ ತಲೆ ಹಳೆಯದು, ಬಾಲ ಹೊಸದು ಆಗಿ ಕೆಟ್ಟು ಕೂರುತ್ತದೆ. ಐಎಸ್‌ಒ ಆದರೆ ಕೊನೆಯಲ್ಲಿ ಚೆಕ್‌ಸಮ್ (ಫೈಲು ಸರಿಯಾಗಿ ಇಳಿದಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ನೋಡಿಬಿಡಿ.

ಮತ್ತೆ ಮತ್ತೆ ಪ್ರಯತ್ನ ಮಾಡುವುದಕ್ಕೂ ಲೆಕ್ಕವಿದೆ. ಸುಮ್ಮನೆ ಬಿಟ್ಟರೆ 20 ಸಲ. ಮೈನಸ್ ಟಿ ಕೊಟ್ಟು ಮುಂದೆ 0 ಅಂತ ಹಾಕಿದರೆ ಲೆಕ್ಕವೇ ಇಲ್ಲ. ಇಷ್ಟು ಕೊಟ್ಟು ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಡೌನ್‌ಲೋಡ್ ನಿಂತಿದೆ, ವಿಳಾಸವೇ ಸಿಗುತ್ತಿಲ್ಲ ಅಂತ ಕೈ ಚೆಲ್ಲಿದೆ. ಆಗಿದ್ದು ಇಷ್ಟೇ. ರೌಟರ್ ಪೂರ್ತಿ ಆಫ್ ಆದಾಗ ಸರ್ವರ್‌ನ ಹೆಸರನ್ನು ಹುಡುಕಲೂ ದಾರಿ ಇರುವುದಿಲ್ಲ ಅಲ್ವಾ, ಅದನ್ನು ಡಬ್ಲ್ಯೂಗೆಟ್ ಸರಿಪಡಿಸಲಾಗದ ತಪ್ಪು ಅಂತ ತಿಳಿದುಕೊಂಡು ಬಿಟ್ಟೇಬಿಡುತ್ತದೆ, ಟಿ ಸೊನ್ನೆ ಇದ್ದರೂ. ಇದಕ್ಕೆ ಮೈನಸ್ ಮೈನಸ್ ರಿಟ್ರೈ-ಆನ್-ಹೋಸ್ಟ್-ಎರರ್ ಅಂತ ಉದ್ದನೆಯ ಆಪ್ಷನ್ ಬೇರೆ ಇದೆ. ತುಂಬಾ ಹಳೆಯ ಆವೃತ್ತಿಯಲ್ಲಿ ಸಿಗುವುದಿಲ್ಲ. ಕರೆಂಟು ನೆಚ್ಚಿಕೊಳ್ಳಲಾಗದ ಊರಿನವರು ಇದೊಂದನ್ನು ಕೈ ಮೇಲೆ ಹಚ್ಚೆ ಹಾಕಿಸಿಕೊಳ್ಳಿ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಟೈಮ್‌ಔಟ್. ಲೈನು ಕಡಿದೂ ಇಲ್ಲ, ಡೇಟಾ ಬರುತ್ತಲೂ ಇಲ್ಲ, ಅಂಥ ಸ್ಥಿತಿಯಲ್ಲಿ ಇದು ಎಷ್ಟು ಹೊತ್ತು ಕಾಯುತ್ತದೆ ಗೊತ್ತಾ? 900 ಸೆಕೆಂಡ್. ಪೂರಾ 15 ನಿಮಿಷ, ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿಗೆ ಕಾಯುವವರ ಹಾಗೆ, ಪರದೆ ಮೇಲೆ ಒಂದು ಅಕ್ಷರ ಅಲುಗಾಡುವುದಿಲ್ಲ. ನಾನು ಮೊದಲೆಲ್ಲ ಹ್ಯಾಂಗ್ ಆಗಿದೆ ಅಂದುಕೊಂಡು ಕಂಟ್ರೋಲ್ ಸಿ ಒತ್ತಿ ಸಾಯಿಸುತ್ತಿದ್ದೆ. ಮೈನಸ್ ದೊಡ್ಡ ಟಿ ಹಾಕಿ 30 ಕೊಟ್ಟರೆ ಅರ್ಧ ನಿಮಿಷಕ್ಕೆ ಬೇಸತ್ತು ಹೊಸದಾಗಿ ಶುರು ಮಾಡುತ್ತದೆ. ಇಷ್ಟು ಮುಖ್ಯವಾದ ಸಂಗತಿಗೆ ಇಷ್ಟು ಸೋಮಾರಿ ಡೀಫಾಲ್ಟ್ ಯಾಕೆ ಇಟ್ಟರೋ. ಪ್ರತಿ ಸಲ ಬರೆಯಲು ಬೇಜಾರಾದರೆ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಡಬ್ಲ್ಯೂಗೆಟ್‌ಆರ್‌ಸಿ ಅಂತ ಒಂದು ಫೈಲ್ ಮಾಡಿ ಟೈಮ್‌ಔಟ್ = 30, ಟ್ರೈಸ್ = 0 ಅಂತ ಎರಡು ಸಾಲು ಬರೆದಿಡಿ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಈಗ ಮರ್ಯಾದೆಯ ಕಥೆ. ಫೈಲಿಗೆ ನಮಗೆ ಬೇಕಾದ ಹೆಸರು ಇಡಲು ಮೈನಸ್ ದೊಡ್ಡ ಓ. ಚಿಕ್ಕ ಓ ಅಂದರೆ ಪರದೆ ಮೇಲೆ ಬರುವ ಮಾತನ್ನೆಲ್ಲ ಒಂದು ಫೈಲಿಗೆ ಬರೆ ಅಂತ. ನಾನು ಅವಸರದಲ್ಲಿ ಚಿಕ್ಕ ಓ ಹೊಡೆದು 'ಉಬುಂಟು ಡಾಟ್ ಐಎಸ್‌ಒ' ಅಂತ ಕೊಟ್ಟೆ. ಪರದೆ ಖಾಲಿ. ಆಹಾ, ಎಷ್ಟು ಶಾಂತವಾಗಿ ನಡೆಯುತ್ತಿದೆ ಅಂದುಕೊಂಡೆ. ಆಮೇಲೆ ಆ ಐಎಸ್‌ಒ ಪೆನ್‌ಡ್ರೈವ್‌ಗೆ ಹಾಕಿ ತಂಗಿಯ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ, ಬೂಟೇ ಆಗುತ್ತಿಲ್ಲ ನಿನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಕಣೇ ಅಂತ ಭಾಷಣ ಬೇರೆ ಮಾಡಿದೆ. ಅವಳೇ ಫೈಲ್ ಸೈಜ್ ನೋಡಿ, "ಅಣ್ಣ, ಇದು 9 ಎಂಬಿ ಇದೆ" ಅಂದಳು. ತೆರೆದರೆ ಸಾಲು ಸಾಲು ಚುಕ್ಕಿ, ಪಕ್ಕದಲ್ಲಿ ಪರ್ಸೆಂಟು. ನಿಜವಾದ ಐಎಸ್‌ಒ ತನ್ನ ಸ್ವಂತ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಸುಖವಾಗಿ ಕೂತಿತ್ತು. ದೊಡ್ಡ ಓಗೂ ಒಂದು ಗುಣವಿದೆ, ಹೇಳಿಬಿಡುತ್ತೇನೆ: ಅದರ ಜೊತೆ ನಾಲ್ಕು ಲಿಂಕ್ ಕೊಟ್ಟರೆ ನಾಲ್ಕನ್ನೂ ಒಂದರ ಹಿಂದೆ ಒಂದು ಅಂಟಿಸಿ ಒಂದೇ ಫೈಲ್ ಮಾಡಿಕೊಡುತ್ತದೆ. ಫೋಲ್ಡರ್ ಹೇಳುವುದಷ್ಟೇ ಬೇಕಿದ್ದರೆ ಮೈನಸ್ ದೊಡ್ಡ ಪಿ ಸಾಕು.

ಕನ್ನಡದಂಥ ಲಿಪಿಯವರನ್ನು ಕಾಡುವ ತೊಂದರೆ ಒಂದಿದೆ. ಕನ್ನಡ ವಿಕಿಪೀಡಿಯದ ಪುಟಗಳನ್ನು ಇಳಿಸಿದಾಗ ಫೈಲ್ ಹೆಸರು ಚಿಂದಿ ಚಿಂದಿಯಾಗಿ ಬಂತು, ನಡುವೆ ಪರ್ಸೆಂಟ್ ಚಿಹ್ನೆ, ನಡುವೆ ಸರಿಯಾದ ಅಕ್ಷರ. ತಮಾಷೆ ಏನೆಂದರೆ 'ಕನ್ನಡ' ಅನ್ನುವ ಪದದಲ್ಲಿ ನ, ಡ ಎರಡೂ ಉಳಿದವು, ಕ ಮತ್ತು ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆ ಒಡೆದುಹೋದವು. ತಲೆ ಕೆರೆದುಕೊಂಡು ನೋಡಿದೆ. ಯುಟಿಎಫ್-8ರಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಪದ್ಧತಿಯಲ್ಲಿ, ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟ್. 128ರಿಂದ 159ರವರೆಗಿನ ಬೈಟ್‌ಗಳನ್ನು ಡಬ್ಲ್ಯೂಗೆಟ್ ಕಂಟ್ರೋಲ್ ಅಕ್ಷರ (ಪರದೆ ಮೇಲೆ ಕಾಣದ ಆಜ್ಞೆಯ ಸಂಕೇತ) ಅಂತ ಅನುಮಾನಿಸಿ ಬದಲಾಯಿಸುತ್ತದೆ. ಕ ಅಕ್ಷರದ ಮೂರನೇ ಬೈಟು 149, ಸಿಕ್ಕಿಬಿತ್ತು. ನ ಅಕ್ಷರದ್ದು 168, ಪಾರಾಯಿತು. ಮೈನಸ್ ಮೈನಸ್ ರಿಸ್ಟ್ರಿಕ್ಟ್-ಫೈಲ್-ನೇಮ್ಸ್ ಅಂತ ಹಾಕಿ, ಸಮ ಚಿಹ್ನೆ ಕೊಟ್ಟು, ನೋಕಂಟ್ರೋಲ್ ಅಂದರೆ ಹೆಸರು ಮುಟ್ಟದೆ ಬಿಡುತ್ತದೆ. ಇದು ತಿಳಿದ ದಿನ ನನಗೆ ಐಎಸ್‌ಒ ಇಳಿದ ದಿನಕ್ಕಿಂತ ಜಾಸ್ತಿ ಖುಷಿಯಾಗಿತ್ತು.

ಮನೆಯಲ್ಲಿ ಎಲ್ಲರಿಗೂ ಒಂದೇ ವೈಫೈ ಇದ್ದರೆ ಮೈನಸ್ ಮೈನಸ್ ಲಿಮಿಟ್-ರೇಟ್ ಕಲಿಯಲೇಬೇಕು. ಅಮ್ಮ ಮೊಬೈಲಿನಲ್ಲಿ ಧಾರಾವಾಹಿ ನೋಡುವಾಗ ಚಕ್ರ ತಿರುಗಿದರೆ ಬೈಗುಳ ನೇರ ನನಗೇ. ಇಲ್ಲಿ ಕೊಡುವ ಸಂಖ್ಯೆ ಬೈಟ್ ಲೆಕ್ಕದ್ದು, ಕಂಪನಿಯವರು ಹೇಳುವ ಬಿಟ್ ಲೆಕ್ಕದ್ದಲ್ಲ. 40 ಎಂಬಿಪಿಎಸ್ ಪ್ಲಾನ್ ಅಂದರೆ ಸೆಕೆಂಡಿಗೆ 5 ಎಂಬಿ. ಸಂಜೆ 500ಕೆ ಅಂತ ಕಟ್ಟಿಹಾಕಿದರೆ ಮನೆಯಲ್ಲಿ ಶಾಂತಿ. ಮೈನಸ್ ಬಿ ಕೊಟ್ಟರೆ ಹಿನ್ನೆಲೆಗೆ ಹೋಗಿ ಕೆಲಸ ಮಾಡುತ್ತದೆ, ಟರ್ಮಿನಲ್ ಮುಚ್ಚಿದರೂ ನಡೆಯುತ್ತಿರುತ್ತದೆ.

ಒಂದು ಪುಟದಲ್ಲಿ ಐವತ್ತು ಪಿಡಿಎಫ್ ಲಿಂಕ್ ಇದ್ದರೆ ಒಂದೊಂದೇ ಕ್ಲಿಕ್ ಮಾಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಮೈನಸ್ ಆರ್ ಅಂದರೆ ಲಿಂಕ್ ಹಿಡಿದು ಒಳಗೆ ಹೋಗು, ಮೈನಸ್ ಎಲ್ 1 ಅಂದರೆ ಒಂದೇ ಮೆಟ್ಟಿಲು, ಮೈನಸ್ ಎನ್‌ಪಿ ಅಂದರೆ ಮೇಲಿನ ಫೋಲ್ಡರ್‌ಗೆ ಹತ್ತಬೇಡ, ಮೈನಸ್ ದೊಡ್ಡ ಎ ಪಿಡಿಎಫ್ ಅಂದರೆ ಪಿಡಿಎಫ್ ಮಾತ್ರ ಉಳಿಸು. ಎಲ್ ಮರೆತರೆ ಐದು ಮೆಟ್ಟಿಲು ಇಳಿಯುತ್ತದೆ. ಎನ್‌ಪಿ ಮರೆತು ನಾನೊಮ್ಮೆ ಒಂದು ಚಿಕ್ಕ ಸೈಟಿನ ಮುಕ್ಕಾಲು ಭಾಗ ಮನೆಗೆ ಹೊತ್ತುಕೊಂಡು ಬಂದಿದ್ದೆ. ಪಾಪ, ಯಾರದೋ ಸರ್ವರ್. ಮೈನಸ್ ಡಬ್ಲ್ಯೂ 2 ಅಂತ ಹಾಕಿ ಎರಡೆರಡು ಸೆಕೆಂಡ್ ಬಿಟ್ಟು ಕೇಳುವುದು ಮರ್ಯಾದೆ. ಹೀಗೆ ಒಳಗೆ ಹೋಗುವಾಗ ಸೈಟಿನ ರೋಬೋಟ್ಸ್ ಫೈಲಿನಲ್ಲಿ ಬೇಡ ಅಂದ ಜಾಗಕ್ಕೆ ಡಬ್ಲ್ಯೂಗೆಟ್ ತಾನಾಗಿ ಕಾಲಿಡುವುದಿಲ್ಲ, ಆ ಸಂಸ್ಕಾರ ಇದೆ. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟಿದ ಇವತ್ತಿನ ಸೈಟುಗಳ ಮುಂದೆ ಇದರ ಆಟ ನಡೆಯುವುದಿಲ್ಲ, ಖಾಲಿ ಪುಟ ತಂದು ಕೊಡುತ್ತದೆ.

ಲಿಂಕಿನಲ್ಲಿ ಆಂಪರ್‌ಸ್ಯಾಂಡ್ (&) ಇದ್ದರೆ ಇಡೀ ಲಿಂಕನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಇಲ್ಲದಿದ್ದರೆ ನಮ್ಮ ಕಮಾಂಡನ್ನು ಮೊದಲು ಓದುವ ಶೆಲ್ ಅಲ್ಲೇ ಕತ್ತರಿಸುತ್ತದೆ, ಬೈಗುಳ ಮಾತ್ರ ಡಬ್ಲ್ಯೂಗೆಟ್‌ಗೆ.

ವೇಗ ಬೇಕು ಅನ್ನುವವರಿಗೆ ಇದು ಅಲ್ಲ. ಒಂದು ಫೈಲಿಗೆ ಒಂದೇ ಸಂಪರ್ಕ. ಏರಿಯಾ2 ಅನ್ನುವ ಇನ್ನೊಂದು ಡೌನ್‌ಲೋಡ್ ಪ್ರೋಗ್ರಾಂ ಒಂದೇ ಸರ್ವರ್‌ಗೆ 16 ಸಂಪರ್ಕದವರೆಗೆ ತೆರೆದು ತುಂಡು ತುಂಡಾಗಿ ಎಳೆಯುತ್ತದೆ, ಒಳ್ಳೆಯ ಲೈನ್ ಇದ್ದರೆ ಅದೇ ವಾಸಿ. ಕರ್ಲ್ ಕೂಡ ಇದೆ, ಮ್ಯಾಕ್‌ನಲ್ಲಿ, ಈಗಿನ ವಿಂಡೋಸ್‌ನಲ್ಲಿ ಮೊದಲೇ ಬಂದಿರುತ್ತದೆ, ಆದರೆ ಲಿಂಕ್ ಬೇರೆ ಕಡೆ ತಿರುಗಿಸಿದರೆ ಮೈನಸ್ ದೊಡ್ಡ ಎಲ್ ಕೊಡದೆ ಅದರ ಬೆನ್ನು ಹತ್ತುವುದಿಲ್ಲ. ವಿಂಡೋಸ್‌ನವರಿಗೆ ಎಚ್ಚರಿಕೆ: ಹಳೆಯ ಪವರ್‌ಶೆಲ್‌ನಲ್ಲಿ ಡಬ್ಲ್ಯೂಗೆಟ್ ಅಂತ ಹೊಡೆದರೆ ಏನೋ ಓಡುತ್ತದೆ, ಆದರೆ ಅದು ಮೈಕ್ರೋಸಾಫ್ಟಿನ ಬೇರೆ ಕಮಾಂಡಿಗೆ ಇಟ್ಟ ಅಡ್ಡಹೆಸರು, ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್ ಹಾಕಿಕೊಂಡರೆ ಅಸಲಿಯೇ ಸಿಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕತ್ತರಿಸಿದ ಒಂದು ಆ 15 ನಿಮಿಷಕ್ಕೆ. ಚಿಕ್ಕ ಓಗೂ ಅರ್ಧ ಕತ್ತರಿಸೋಣ ಅಂತಿದ್ದೆ, ತಪ್ಪು ನಿನ್ನದೇ ಅಂತ ತಂಗಿ ಬಿಡಲಿಲ್ಲ.