ಸಾಂಬ್ರಾದಲ್ಲಿ ಎರಡು ವರ್ಷ ಹಾರಿದ ಬ್ಯಾಟರಿ ಪೆಟ್ಟಿಗೆ: ಬ್ಯಾಟರಿ ಚೊಕ್ಕ, ತಂಟೆ ಕನ್ವರ್ಟರಿನದು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಾನು ಹಾರಿಸಲು ಕಲಿಯುತ್ತಿರುವ ಸಣ್ಣ ವಿಮಾನ ಸೆಸ್ನಾ 172ರ ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿ ಬರುವುದು 28 ವೋಲ್ಟ್. ತಿಳಿಯದೆ 12 ವೋಲ್ಟಿನ ಕಾರ್ ಚಾರ್ಜರ್ ಸಿಕ್ಕಿಸಿ ಮೊದಲ ವಾರವೇ ಸುಟ್ಟುಕೊಂಡೆ. ವಿಮಾನದ ವೈರಿಂಗಿಗೆ ನಾವು ಕೈ ಹಚ್ಚುವಂತಿಲ್ಲ. ನನ್ನ ಜಿಪಿಎಸ್ ರಿಸೀವರ್ 12 ವೋಲ್ಟ್ ಕೇಳುವುದರಿಂದ ಪವರ್ ಬ್ಯಾಂಕೂ ಸಾಲದು. ಕೊನೆಗೆ ಬೋಧಕರ ಒಪ್ಪಿಗೆ ಪಡೆದು ಜಿಪಿಎಸ್‌ಗೂ ಟ್ಯಾಬ್ಲೆಟ್‌ಗೂ ಕರೆಂಟ್ ಕೊಡುವ ಒಂದು ಬ್ಯಾಟರಿ ಪೆಟ್ಟಿಗೆ ನಾನೇ ಕಟ್ಟಿಕೊಂಡೆ.

ಮೊದಲು ಹಾಕಿದ್ದು ಯುಪಿಎಸ್‌ನ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ. ಎರಡು ಕಿಲೋಗೂ ಮಿಕ್ಕಿದ ಭಾರ. ಬೆಳಗಾವಿಯ ಮಳೆಗಾಲದಲ್ಲಿ ವಾರಗಟ್ಟಲೆ ಹಾರಾಟವಿಲ್ಲದೆ, ಅರ್ಧ ಖಾಲಿಯಾಗಿಯೇ ಮೂಲೆಯಲ್ಲಿ ಕೂತು ಸತ್ತಿತು. ಅದರ ಜಾಗಕ್ಕೆ ಬಂದದ್ದು ಲಿಥಿಯಂ ಐರನ್ ಫಾಸ್ಫೇಟ್: 3.2 ವೋಲ್ಟಿನ ನಾಲ್ಕು ಸೆಲ್, ಒಟ್ಟು 12.8 ವೋಲ್ಟ್, 6 ಆಂಪಿಯರ್-ಅವರ್. ಭಾರ ಅರ್ಧಕ್ಕೂ ಕಡಿಮೆ. ಅಲ್ಯೂಮಿನಿಯಂ ಡಬ್ಬಿ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಪಾಸಿಟಿವ್ ತುದಿಯಿಂದ ಗೇಣಿನೊಳಗೆ 5 ಆಂಪಿಯರ್ ಫ್ಯೂಸ್ ಇದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಕಾಲ ಬುಡದಲ್ಲಿ ತಂತಿ ಹೊತ್ತಿಕೊಂಡರೆ ಇಳಿದು ಓಡಲು ಅಲ್ಲಿ ರಸ್ತೆಯಿಲ್ಲ.

ಈ ಲಿಥಿಯಂ ಬ್ಯಾಟರಿ ಒಮ್ಮೆಯೂ ಕಾಡಲಿಲ್ಲ. ಕಾಡಿದ್ದು ಅದರ ಬೆನ್ನಿಗೆ ಹಾಕಿದ, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಅಗ್ಗದ ಕನ್ವರ್ಟರ್. ಕಿತ್ತೂರಿನ ಆಸುಪಾಸಿನಲ್ಲಿ ಟ್ಯಾಬ್ಲೆಟ್ ಚಾರ್ಜಿಗೆ ಹಚ್ಚಿದ ಕೂಡಲೇ ಹೆಡ್‌ಸೆಟ್ಟಿನಲ್ಲಿ ಒಗ್ಗರಣೆ ಸಿಡಿದಂತೆ ಸದ್ದು. ಟವರಿನ ಕರೆ ಅದರಲ್ಲಿ ಅರ್ಧ ಮುಳುಗಿತು. ನಾನು ರೇಡಿಯೊ ಕೆಟ್ಟಿತೆಂದೇ ತಿಳಿದೆ. ಬೋಧಕರು ಮಾತಾಡದೆ ಕೈ ಚಾಚಿ ಕೇಬಲ್ ಎಳೆದರು, ಸದ್ದು ನಿಂತಿತು. ಇಂಥ ಕನ್ವರ್ಟರ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತಿರುತ್ತದೆ. ಅದರಿಂದ ಏಳುವ ರೇಡಿಯೊ ಕಸವೆಲ್ಲ ನಾವು ಮಾತಾಡುವ 118–137 ಮೆಗಾಹರ್ಟ್ಸ್ ಪಟ್ಟಿಯವರೆಗೂ ಹರಡುತ್ತದೆ. ಲೋಹದ ಕವಚವಿರುವ ಬೇರೆ ಕನ್ವರ್ಟರ್ ತಂದು, ತಂತಿ ಗಿಡ್ಡ ಮಾಡಿ, ಇಂಥ ಕಸವನ್ನು ತಡೆಯುವ ಫೆರೈಟ್ ಉಂಗುರಕ್ಕೆ ಮೂರು ಸುತ್ತು ಸುತ್ತಿದ ಮೇಲೆ ಶಾಂತಿ. ಈಗ ಏನೇ ಹೊಸದು ತಂದರೂ ಮೊದಲು ನೆಲದ ಮೇಲೆ ರೇಡಿಯೊದ ಸ್ಕ್ವೆಲ್ಚ್ (ಹಿನ್ನೆಲೆಯ ಸದ್ದನ್ನು ಅಡಗಿಸುವ ವ್ಯವಸ್ಥೆ) ತೆರೆದು, ಪಕ್ಕದಲ್ಲೇ ಇಟ್ಟು ಕೇಳುತ್ತೇನೆ.

ಒಂದು ಕೊರತೆ ಇದೆ. ಈ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳಲಾಗದು. ನಾನು ಗಂಟೆ ಲೆಕ್ಕ ಬರೆದಿಡುತ್ತೇನೆ. ಇನ್ನು ಮಾರಿದವರು ಜೊತೆಗೆ ಕಳಿಸಿದ್ದು ಸೀಸದ ಬ್ಯಾಟರಿಯ ಚಾರ್ಜರ್! ಈ ಬ್ಯಾಟರಿಗೆ ಬೇಕಾದ 14.6 ವೋಲ್ಟಿನದನ್ನು ಬೇರೆ ಕೊಂಡೆ.

12.8 ಗುಣಿಲೆ 6, ಅಂದರೆ 76.8 ವಾಟ್-ಅವರ್. ಪ್ರಯಾಣಿಕರ ವಿಮಾನದಲ್ಲಿ 100ರ ಮಿತಿಯೊಳಗೆ ಬರುವುದರಿಂದ ಬೆಂಗಳೂರಿಗೆ ಕೈಚೀಲದಲ್ಲಿಯೇ ಒಯ್ದಿದ್ದೇನೆ. ಡಬ್ಬಿಯ ಮೇಲೆ ಆ ಅಂಕಿ ದಪ್ಪಗೆ ಬರೆದಿರಲಿ, ತಪಾಸಣೆಯಲ್ಲಿ ವಾದ ತಪ್ಪುತ್ತದೆ.

ವರ್ಷಕ್ಕೊಮ್ಮೆ ಬೈಕಿನ 21 ವಾಟ್ ಬಲ್ಬ್ ಹಚ್ಚಿ ಪೂರ್ತಿ ಖಾಲಿ ಮಾಡಿ ನೋಡುತ್ತೇನೆ. ಹೊಸದಿದ್ದಾಗ 3 ಗಂಟೆ 20 ನಿಮಿಷ ಉರಿದಿತ್ತು, ಮೊನ್ನೆ 3 ಗಂಟೆ 5 ನಿಮಿಷ. ಏಪ್ರಿಲ್ ಬಿಸಿಲಿಗೆ ಸೋತದ್ದು ಡಬ್ಬಿಯನ್ನು ಸೀಟಿಗೆ ಹಿಡಿದಿದ್ದ ಅಂಟುಪಟ್ಟಿ ಮಾತ್ರ. ಖಡೇಬಜಾರಿನಲ್ಲಿ ಬ್ಯಾಗ್ ಹೊಲಿಯುವವರಿಂದ ಕ್ಯಾನ್ವಾಸ್ ಬೆಲ್ಟ್ ಹೊಲಿಸಿ ಬಿಗಿದಿದ್ದೇನೆ.