ಒಂದೇ ಫೋಲ್ಡರಿಗೆ ಎರಡು ದಾರಿ ಮಾಡಿಸಬೇಡಿ

ನಿಮ್ಮ ಆಫೀಸಿನಲ್ಲಿ ವಿಂಡೋಸ್, ಉಬುಂಟು (ಪುಕ್ಕಟೆ ಸಿಗುವ ಲಿನಕ್ಸ್) ಎರಡೂ ಇದ್ದು, ಫೈಲೆಲ್ಲ ಒಂದೇ ಸರ್ವರಿನಲ್ಲಿದ್ದರೆ ಇದನ್ನು ಓದಿ. ಸರ್ವರ್ ಹಾಕಿಕೊಡುವವರು 'ಎಲ್ಲಾ ಸಿಸ್ಟಮ್ಮಲ್ಲೂ ಓಪನ್ ಆಗುತ್ತೆ ಸರ್' ಅಂತ ತೋರಿಸಿ ದುಡ್ಡು ಇಸಿದುಕೊಂಡು ಹೋಗುತ್ತಾರೆ. ಇಬ್ಬರು ಒಟ್ಟಿಗೆ ಓಪನ್ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಯಾರೂ ತೋರಿಸುವುದಿಲ್ಲ.

ನಾನು ದಾವಣಗೆರೆ ಎಪಿಎಂಸಿಯ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಳಗಡೆ ಟ್ಯಾಲಿ ಬೇಕಲ್ವಾ, ಅದಕ್ಕೆ ವಿಂಡೋಸ್. ತೂಕದ ಹತ್ತಿರ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಮತ್ತು ಎಕ್ಸೆಲ್ ಫೈಲ್ ತೆರೆಯುವ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆ ಆಫೀಸ್. ಸರ್ವರ್ ಹಾಕಿದ ಹುಡುಗ ಒಂದೇ ಫೋಲ್ಡರನ್ನು ವಿಂಡೋಸಿಗೆ ಸಾಂಬಾ ಮೂಲಕ, ಉಬುಂಟುಗೆ ಎನ್‌ಎಫ್‌ಎಸ್ ಮೂಲಕ ಕೊಟ್ಟ. ಎರಡೂ ಸರ್ವರಿನ ಫೈಲನ್ನು ನೆಟ್‌ವರ್ಕಿನಲ್ಲಿ ಹಂಚುವ ದಾರಿಗಳೇ; ಮೊದಲನೆಯದು ವಿಂಡೋಸಿನ ಪದ್ಧತಿ, ಎರಡನೆಯದು ಲಿನಕ್ಸ್ ಕಡೆಯದು. ಕೆಲಸ ಚೆನ್ನಾಗೇ ನಡೆಯಿತು, ಆವಕ ಜಾಸ್ತಿಯಾಗುವ ತನಕ.

ನವೆಂಬರಿನಲ್ಲಿ ಜಗಳೂರು ಕಡೆಯ ರೈತರೊಬ್ಬರು ಪಟ್ಟಿ ಕೇಳಲು ಬಂದರು. ಕೈಯಲ್ಲಿ ನಮ್ಮದೇ ತೂಕದ ಚೀಟಿ, 62 ಚೀಲ. ಒಳಗಿನವರೂ ತೂಕದವರೂ ತುಂಬುವ ಎಕ್ಸೆಲ್ ಶೀಟಿನಲ್ಲಿ ಅವರ ಹೆಸರೇ ಇಲ್ಲ. 'ಏನ್ ತಮ್ಮಾ, ನನ್ ಮಾಲು ಗಾಳೀಲಿ ಹೋತಾ?' ಅಂದರು. ಚೀಟಿಗಳ ಕಟ್ಟು ಬಿಚ್ಚಿ ತಾಳೆ ನೋಡಿದರೆ, ಆ ದಿನ ತೂಕದ ಕಡೆಯಿಂದ ಬರೆದ ಸಾಲುಗಳೆಲ್ಲ ಮಾಯ. ಹಮಾಲರ ಪುಸ್ತಕ ಇಲ್ಲದಿದ್ದರೆ ಬೇರೆಯವರ ಲೆಕ್ಕ ಕೂಡಿಸುವುದೂ ಕಷ್ಟವಿತ್ತು.

ಆಗಿದ್ದು ಇಷ್ಟು. ಎಕ್ಸೆಲ್ ಫೈಲ್ ತೆರೆದಾಗ 'ಇದನ್ನು ಬೇರೆಯವರು ತಿದ್ದಬಾರದು' ಅಂತ ಸಾಂಬಾಗೆ ಹೇಳುತ್ತದೆ. ಸಾಂಬಾ ಅದನ್ನು ತನ್ನ ಹತ್ತಿರ ಬರೆದಿಟ್ಟುಕೊಳ್ಳುತ್ತದೆ. ಎನ್‌ಎಫ್‌ಎಸ್ ಕಡೆಯಿಂದ ಬಂದವರಿಗೆ ಅದು ಗೊತ್ತಾಗುವುದಿಲ್ಲ. ಲಿಬ್ರೆ ಆಫೀಸ್ ತನ್ನದೇ ಒಂದು ಅಡಗಿದ ಲಾಕ್ ಫೈಲ್ ಇಡುತ್ತದೆ, ಎಕ್ಸೆಲ್ ಅದನ್ನು ನೋಡುವುದೇ ಇಲ್ಲ. ಎಕ್ಸೆಲ್‌ನಲ್ಲಿ ಸೇವ್ ಒತ್ತಿದರೆ ಪೂರ್ತಿ ಹೊಸ ಫೈಲ್ ಬರೆದು ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ನಡುವೆ ಇನ್ನೊಬ್ಬರು ಬರೆದಿದ್ದು ಹೋಯಿತು. ಒಂದು ಎಚ್ಚರಿಕೆ ಕೂಡ ಬರಲಿಲ್ಲ.

ಈಗ ಬೇರೆಯವರನ್ನು ಕರೆಸಿ ಎನ್‌ಎಫ್‌ಎಸ್ ತೆಗೆಸಿದ್ದೇವೆ. ಉಬುಂಟು ಕೂಡ ಸಾಂಬಾ ಮೂಲಕವೇ ಬರುತ್ತದೆ. ಇಬ್ಬರು ಮುಟ್ಟಿದರೆ ಎರಡನೆಯವರಿಗೆ 'ಓದಲು ಮಾತ್ರ' ಅಂತ ತೆರೆಯುತ್ತದೆ. ದಿನಾ ರಾತ್ರಿ ಬೇರೆ ಡಿಸ್ಕಿಗೆ ಬ್ಯಾಕಪ್.

ಈಗ ಬಂದ ಹೊಸಬರು ಇನ್ನೊಂದು ತೋರಿಸಿದರು. ಹಳೇ ಸ್ಕ್ಯಾನರಿಗೋಸ್ಕರ ಆ ಹುಡುಗ ಎಸ್‌ಎಂಬಿ1 (ವಿಂಡೋಸಿನ ಫೈಲ್ ಹಂಚಿಕೆ ಪದ್ಧತಿಯ ಹಳೇ ರೂಪ) ತೆರೆದಿಟ್ಟಿದ್ದ, ಫೋಲ್ಡರಿಗೆ 777 ಅನುಮತಿ ಕೊಟ್ಟಿದ್ದ, ಅಂದರೆ ಯಾರು ಬೇಕಾದರೂ ಅಳಿಸಬಹುದು. ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ವೈರಸ್ 2017ರ ಮೇನಲ್ಲಿ ಹಬ್ಬಿದ್ದು ವಿಂಡೋಸಿನ ಎಸ್‌ಎಂಬಿ1ರ ತೂತಿನಿಂದಲೇ. ಸಾಂಬಾದವರೇ 2019ರ 4.11 ಆವೃತ್ತಿಯಿಂದ ಅದನ್ನು ಮೊದಲೇ ಮುಚ್ಚಿ ಕೊಡುತ್ತಾರೆ. ಸುಮ್ನೆ ತೆರೆಸಬೇಡಿ.

ಹೆಸರಿನ ಕಾಟವೂ ಇದೆ. ಇಂಗ್ಲಿಷಿನಲ್ಲಿ ಒಂದೇ ಹೆಸರನ್ನು ದೊಡ್ಡಕ್ಷರದಲ್ಲಿ ಒಮ್ಮೆ, ಸಣ್ಣಕ್ಷರದಲ್ಲಿ ಒಮ್ಮೆ ಬರೆದರೆ ಉಬುಂಟುಗೆ ಅವು ಎರಡು ಫೈಲ್. ವಿಂಡೋಸಿಗೆ ಕಾಪಿ ಮಾಡುವಾಗ 'ರಿಪ್ಲೇಸ್ ಮಾಡಲಾ' ಅಂತ ಕೇಳುತ್ತದೆ. ಹೂಂ ಅಂದರೆ ಒಂದು ಹೋಗುತ್ತದೆ.

ಹಳೇ ಹುಡುಗ ಫೋನ್ ಎತ್ತುತ್ತಿಲ್ಲ. ನೀವು ದುಡ್ಡು ಕೊಡುವ ಮೊದಲು, ಸರ್ವರ್ ಹಾಕಿದವರು ಎದುರಿಗಿರುವಾಗಲೇ ಒಂದು ಶೀಟನ್ನು ವಿಂಡೋಸಿನಲ್ಲಿ ತೆರೆದಿಟ್ಟು ಉಬುಂಟುವಿನಲ್ಲೂ ತೆರೆಯಿರಿ. ಎರಡನೆಯದು ತಕರಾರಿಲ್ಲದೆ ಸೇವ್ ಆಯಿತೋ, ಬಿಲ್ ಬದಿಗಿಡಿ.